ಬಯಲು ಕಾಣದ ಸೃಷ್ಟಿಪಾಠ

ಪರಿಸರ ಶಿಕ್ಷಣವು ಶಾಲೆಗಳಲ್ಲಿ ಕಡ್ಡಾಯವಾಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಆಜ್ಞಾಪಿಸಿತು. ತರುವಾಯ ಪುಸ್ತಕ ಬಂದಿತು, ಪ್ರಶ್ನಪತ್ರಿಕೆ ಬಂದಿತು, ಅಂಕಗಳೂ ಬಂದವು. ಹೊರಗೆ ಬಾರದೆ ಉಳಿದದ್ದು ಮಗುವೊಂದೇ. ಜೂನ್ 5ರಂದು ಒಂದು ಸಸಿ ನೆಟ್ಟು, ಭಾವಚಿತ್ರ ತೆಗೆಯಿಸಿ, ಮರುದಿನ ಆ ಸಸಿಯನ್ನೇ ಮರೆಯುವದು ಶಿಕ್ಷಣವೆನಿಸಿಕೊಳ್ಳಬಲ್ಲುದೆ?

ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿ ಈ ಕೊರತೆಯು ಇಮ್ಮಡಿಯಾಗಿದೆ. ಇಲ್ಲಿಯ ಹುಡುಗನು ನಿಸರ್ಗವೆಂದರೆ ಗುಡ್ಡ, ಜಲಪಾತ, ದಟ್ಟಡವಿ ಎಂದು ಚಿತ್ರ ನೋಡಿ ಕಲಿಯುವನು. ಕಿಟಕಿಯಿಂದ ಕಾಣುವದಾದರೋ ದಿಗಂತದ ವರೆಗೆ ಕಪ್ಪು ಬಯಲು. ತನ್ನೂರಿನಲ್ಲಿ ನಿಸರ್ಗವೇ ಇಲ್ಲವೆಂದು ಅವನು ಬಗೆದರೆ ತಪ್ಪು ಯಾರದು? ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಯು ಮಳೆಗೆ ಉಬ್ಬಿ ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಪರಿಯೂ, ಅದರ ಒಡಲಲ್ಲಿ ನಿಂತ ಹಸಿಯ ಬಲದಿಂದಲೇ ಹಿಂಗಾರಿಯ ಬಿಳಿಜೋಳ, ಕಡಲೆಗಳು ಬೆಳೆದುಬರುವ ಸೋಜಿಗವೂ ಯಾವ ಅಡವಿಯ ಪಾಠಕ್ಕೆ ಕಡಮೆ? ಕುಂದಗೋಳ, ನವಲಗುಂದ ಸೀಮೆಗಳನ್ನು ಹಾಯ್ದು ಮಲಪ್ರಭೆಯನ್ನು ಕೂಡುವ ಬೆಣ್ಣಿಹಳ್ಳವು ಮಳೆಗಾಲದಲ್ಲಿ ಉಕ್ಕಿ ಹೊಲಗಳನ್ನು ನುಂಗುವದೇಕೆಂಬ ಪ್ರಶ್ನೆಯನ್ನು ಅದರ ದಂಡೆಯ ಮೇಲೆ ನಿಂತೇ ಕೇಳಬೇಕು.

‘ಹಳ್ಳಿಯ ಹುಡುಗರಿಗೆ ಹೊಲವೇ ಶಾಲೆ, ಅವರಿಗೆ ಬಯಲುಪಾಠವೇಕೆ?’ ಎಂದು ಕೆಲವರು ಕೇಳುವರು. ಮಾತು ಮೇಲೆ ನೋಡಲಿಕ್ಕೆ ಚೆನ್ನಾಗಿದೆ. ಆದರೆ ಹೊಲದಲ್ಲಿ ಕಲಿತದ್ದು ವಿದ್ಯೆಯಲ್ಲವೆಂದು ಆ ಹುಡುಗನಿಗೆ ದಿನಾಲು ತಿಳಿಸುವದು ಶಾಲೆಯೇ ಅಲ್ಲವೆ? ಕಲಘಟಗಿಯ ಅಡವಿಯಂಚಿನ ಹುಡುಗಿಯು ಹತ್ತು ಗಿಡಗಳ ಹೆಸರು, ಗುಣ ಬಲ್ಲಳಾದರೂ ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವಿಲ್ಲ. ಬೆಲೆಯಿಲ್ಲದ ಅರಿವು ಒಂದು ತಲೆಮಾರಿನಲ್ಲಿ ಅಳಿಯುವದು. ಸುಶಿಕ್ಷಿತರ ಮನೆಗಳಲ್ಲಂತೂ ‘ಕೆಸರಿಗೆ ಹೋಗಬೇಡ, ಓದು’ ಎಂಬದೇ ನಿತ್ಯಮಂತ್ರವಾಗಿದೆ.

ಇದರಿಂದಾಗುವ ಹಾನಿ ಸಣ್ಣದಲ್ಲ. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ರೈತರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಹೂಡಿದರು. ಊರಿನ ಭೂಮಿಯಲ್ಲಿ ರೇಯಾನ್ ಉದ್ಯಮಕ್ಕಾಗಿ ಬೆಳೆಸಿದ್ದ ನೀಲಗಿರಿಯನ್ನು ಕಿತ್ತು ಜನರಿಗೂ ದನಗಳಿಗೂ ಒದಗುವ ಸಸಿಗಳನ್ನು ಹಚ್ಚಿದರು. ಯಾವ ಗಿಡ ಯಾರಿಗೆ ಒದಗುವದೆಂಬದನ್ನು ಅವರಿಗೆ ಪುಸ್ತಕವು ಕಲಿಸಿರಲಿಲ್ಲ. ಗಿಡವನ್ನೇ ಗುರುತಿಸದ ಮಕ್ಕಳು ನಾಳೆ ಏನನ್ನು ಕಾಪಾಡಿಯಾರು?

ಉಪಾಯವು ದುಬಾರಿಯದಲ್ಲ. ವಾರಕ್ಕೊಂದು ಅರ್ಧ ದಿನ ಶಾಲೆಯು ಬಯಲಿಗೆ ಹೊರಡಲಿ. ಮಕ್ಕಳು ಊರ ಕೆರೆಯ ನೀರು ತಿಂಗಳು ತಿಂಗಳಿಗೆ ಎಷ್ಟು ಇಳಿಯಿತೆಂದು ಗುರುತು ಹಾಕಲಿ. ಬದುವಿನ ಹುಲ್ಲು, ಹಕ್ಕಿಗಳ ಹೆಸರನ್ನು ಮುದುಕರಿಂದ ಕೇಳಿ ಬರೆದುಕೊಳ್ಳಲಿ. ಮಾಸ್ತರರು ಅದಕ್ಕೂ ಅಂಕ ಕೊಡಲಿ. ಶೀಗಿ ಹುಣ್ಣಿವೆಗೆ, ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ನಾಡಿದು. ಉಣ್ಣುವ ಮೊದಲು ಭೂಮಿಗೆ ಕೊಡಬೇಕೆಂಬ ಪಾಠವನ್ನು ಹಿರಿಯರು ಹೊಲದಲ್ಲಿಯೇ ಕಲಿಸಿದರು. ಅದನ್ನು ಗೋಡೆಯೊಳಗೆ ಕೂಡಿಹಾಕಿದವರು ಬಲ್ಲವರೆನಿಸಿಕೊಳ್ಳುವ ಇಂದಿನವರೇ. ಬಾಗಿಲು ತೆರೆಯುವ ಹೊಣೆಯೂ ಅವರದೇ.