ಊರಿನ ದಾರಿ, ಗಡಿಯ ಕಲ್ಲು

ಹೊರನಾಡ ಕನ್ನಡಿಗರಾದ ನಾವು ಭಾಷೆ, ಶಾಲೆ, ನದಿನೀರುಗಳ ಬಗೆಗೆ ಸಾಕಷ್ಟು ಚರ್ಚಿಸುತ್ತೇವೆ. ನಮ್ಮನ್ನು ಇಲ್ಲಿಗೆ ಕರೆತಂದ, ಹಬ್ಬಹುಣ್ಣಿಮೆಗಳಿಗೆ ಊರು ಮುಟ್ಟಿಸುವ ರಸ್ತೆಗಳ ಬಗೆಗೆ ಮಾತ್ರ, ಅವು ಕೆಟ್ಟಾಗ ಗೊಣಗುವುದನ್ನು ಬಿಟ್ಟರೆ, ಯೋಚಿಸುವುದು ಕಡಿಮೆ. ರಸ್ತೆಗಳಿಗೂ ಚರಿತ್ರೆಯಿದೆ, ಅದರಲ್ಲಿ ನಮಗೂ ಪಾಲಿದೆ.

ನಾಚಾರಂನವರು ನಿತ್ಯ ಬಳಸುವ ಉಪ್ಪಲ್ಲಿನ ವಾರಂಗಲ್ ರಸ್ತೆಯನ್ನೇ ನೋಡೋಣ. ಇದರ ಹಳೆಯ ಸಂಖ್ಯೆ 202. 2010ರಲ್ಲಿ ದೇಶದ ಹೆದ್ದಾರಿಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟಾಗ ಅದು 163 ಆಯಿತು. ಇಂದು ಅದೇ ಸಂಖ್ಯೆ ನಗರದ ಪಶ್ಚಿಮಕ್ಕೂ ಸಾಗಿ ಮೊಯಿನಾಬಾದ್, ಚೇವೆಳ್ಳ, ಪರಿಗಿಗಳನ್ನು ದಾಟಿ ಕೊಡಂಗಲ್ಲಿನ ಕಡೆಗೆ ಹೋಗುತ್ತದೆ. ಜನರ ಬಾಯಲ್ಲಿ ಅದು ಇಂದಿಗೂ ಬಿಜಾಪುರ ರಸ್ತೆ. ಅಂದರೆ ನಮ್ಮ ಮನೆಯ ಹತ್ತಿರದ ಹೆದ್ದಾರಿಯ ಇನ್ನೊಂದು ದಿಕ್ಕಿಗೆ ಕನ್ನಡನಾಡಿನ ಹೊಸ್ತಿಲಿದೆ.

ಆ ಹೊಸ್ತಿಲು ಮೊದಲು ಅಲ್ಲಿರಲಿಲ್ಲ. 1956ರ ನವೆಂಬರ್ 1ರವರೆಗೆ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯವು. ಗದ್ವಾಲ, ಆಲಂಪುರಗಳು ರಾಯಚೂರಿನವು. ಮುಂಬಯಿ ರಸ್ತೆಯ ಜಹೀರಾಬಾದು ಬೀದರಿನದು. ಹೈದರಾಬಾದಿನಿಂದ ಹೊರಟ ಈ ರಸ್ತೆಗಳೆಲ್ಲ ಒಂದೇ ಸಂಸ್ಥಾನದ ಒಳದಾರಿಗಳಾಗಿದ್ದವು. ನಿಜಾಮ್ ಸಂಸ್ಥಾನ 1932ರಲ್ಲಿ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಮರುವರ್ಷ ದೇವಸೂಗೂರಿನ ಬಳಿ ಕೃಷ್ಣೆಗೆ ಸೇತುವೆ ಕಟ್ಟಲು ತೊಡಗಿ 1943ರಲ್ಲಿ ಪೂರೈಸಿತು. ಸಿರತ್-ಎ-ಜೂದಿ ಎಂದು ಹೆಸರಾದ, 35 ಕಣ್ಣುಗಳ ಆ ಸೇತುವೆ ರಾಯಚೂರನ್ನು ರಾಜಧಾನಿಗೆ ಬೆಸೆಯಿತು. ಹದಿಮೂರೇ ವರ್ಷಗಳಲ್ಲಿ ಅದು ಎರಡು ರಾಜ್ಯಗಳ ಗಡಿಯ ಮೇಲಿನ ಸೇತುವೆಯಾಯಿತು.

ಭಾಷಾವಾರು ಪ್ರಾಂತರಚನೆ ನ್ಯಾಯವಾದುದೇ. ಆದರೆ ಅದರ ಬೆಲೆಯನ್ನು ರಸ್ತೆಗಳೂ ತೆತ್ತವು. 1943ರ ನಾಗಪುರ ಯೋಜನೆ ದೇಶದ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ರಸ್ತೆಗಳೆಂದು ವಿಂಗಡಿಸಿತು. ಇಂದಿಗೂ ಹಳದಿ ತಲೆಯ ಕಿಲೋಮೀಟರ್ ಕಲ್ಲು ರಾಷ್ಟ್ರೀಯ ಹೆದ್ದಾರಿಯನ್ನೂ ಹಸಿರು ತಲೆಯದು ರಾಜ್ಯ ಹೆದ್ದಾರಿಯನ್ನೂ ಸೂಚಿಸುತ್ತವೆ. ಹಳದಿ ಕಲ್ಲಿನ ದಾರಿ ಗಡಿಯನ್ನು ಲೆಕ್ಕಿಸದು. ಹಸಿರು ಕಲ್ಲಿನ ದಾರಿಯ ಸಂಖ್ಯೆ, ಹಣ, ಹೊಣೆ ಮೂರೂ ಗಡಿಯಲ್ಲಿ ಮುಗಿಯುತ್ತವೆ. ಕೇಂದ್ರ ಸರ್ಕಾರದ ಕಡತಗಳ ನಡುವೆ ದಶಕಗಳನ್ನು ಕಳೆದ ನನಗೆ ಇದು ಯಾರದೋ ದುರುದ್ದೇಶವೆನಿಸುವುದಿಲ್ಲ. ರಾಜಧಾನಿಯಿಂದ ಅಳೆಯತೊಡಗಿದರೆ ಗಡಿಯ ಹಳ್ಳಿ ಎರಡೂ ಕಡೆಯವರಿಗೆ ಕೊನೆಯದೇ. ರಾಯಚೂರು ರಸ್ತೆ 167ನೆಯ ರಾಷ್ಟ್ರೀಯ ಹೆದ್ದಾರಿಯಾದುದು ಸಮಾಧಾನದ ಸಂಗತಿ. ಮಕ್ತಲ್, ಕೃಷ್ಣಾ ಪರಿಸರದ ಕನ್ನಡಿಗರ ಹಳ್ಳಿದಾರಿಗಳಿಗೆ ಆ ಭಾಗ್ಯವಿಲ್ಲ.

ಇನ್ನು ಬಿಜಾಪುರ ರಸ್ತೆ. ಚೇವೆಳ್ಳದ ಆಸುಪಾಸಿನಲ್ಲಿ ಅದರ ಇಕ್ಕೆಲಗಳಲ್ಲಿ ನಿಜಾಮರ ಕಾಲದ ನೂರಾರು ಆಲದ ಮರಗಳು. ರಸ್ತೆ ಅಗಲಿಸಲು ಅವನ್ನು ಕಡಿಯಬಾರದೆಂದು ನಾಗರಿಕರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು. 2025ರ ನವೆಂಬರಿನಲ್ಲಿ ಅದೇ ಇಕ್ಕಟ್ಟಾದ ದಾರಿಯಲ್ಲಿ, ತಾಂಡೂರಿನಿಂದ ಬರುತ್ತಿದ್ದ ಬಸ್ಸಿಗೆ ಜಲ್ಲಿ ತುಂಬಿದ ಟಿಪ್ಪರ್ ಅಪ್ಪಳಿಸಿ ಸುಮಾರು 20 ಜನ ಮಡಿದರು. ಮರ ಬೇಕೋ ಮನುಷ್ಯ ಬೇಕೋ ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆಯೇ ತಪ್ಪೆಂದು ನನ್ನ ಅಭಿಪ್ರಾಯ. ಹೊಸ ಪಥವನ್ನು ಮರಗಳ ಸಾಲಿನಾಚೆ ಹಾಕಿ, ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಳ್ಳುವುದು ಎಂಜಿನಿಯರುಗಳಿಗೆ ತಿಳಿಯದ ವಿದ್ಯೆಯೇನಲ್ಲ. ಭೂಮಿಗೆ ಹೆಚ್ಚು ಹಣ ಬೇಕಾದೀತು. ವಿಳಂಬಕ್ಕೆ ತೆತ್ತ ಬೆಲೆ ಅದಕ್ಕಿಂತ ದೊಡ್ಡದು. ಆ ದಾರಿಯಲ್ಲಿ ಸೇಡಂ, ಚಿಂಚೋಳಿಗಳಿಗೆ ಹೋಗಿಬರುವ ನಮಗೂ ಇದನ್ನು ಕೇಳುವ ಹಕ್ಕಿದೆ.

ಕೇಳುವವರು ಮೊದಲು ಬಲ್ಲವರಾಗಿರಬೇಕು. 1956ಕ್ಕೆ ಮುಂಚಿನ ಈ ದಾರಿಗಳನ್ನು ಕಂಡ ಹಿರಿಯರು ನಮ್ಮ ನಡುವೆ ಈಗ ಕೆಲವರೇ ಉಳಿದಿದ್ದಾರೆ. ಯಾವ ಬಸ್ಸಿನಲ್ಲಿ ಬಂದರು, ಎಲ್ಲಿ ತಂಗಿದರು, ಯಾವ ಹಳ್ಳ ತುಂಬಿದಾಗ ಎಷ್ಟು ದಿನ ಕಾದರು, ಮೈಲುಗಲ್ಲುಗಳಲ್ಲಿ ಯಾವ ಲಿಪಿ ಇತ್ತು ಎಂಬುದನ್ನು ಮನೆಯ ಕಿರಿಯರು ಕೇಳಿ ಬರೆದುಕೊಳ್ಳಲಿ. ಈ ಪತ್ರಿಕೆಗೆ ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ. ಗಡಿಯ ರಸ್ತೆಗಳಿಗಾಗಿ ಎರಡೂ ಸರ್ಕಾರಗಳ ಮುಂದೆ ಮನವಿ ಇಡುವ ದಿನ, ನಮ್ಮ ಕೈಯಲ್ಲಿ ಬರಿಯ ದೂರಿನ ಬದಲು ಆ ದಾರಿಗಳ ದಾಖಲೆಯೂ ಇರುತ್ತದೆ.