ಓಡುವ ಕಾಲುಗಳಷ್ಟೇ ಸಾಕೆ?

ಮೇ ತಿಂಗಳು ಬಂತೆಂದರೆ ನಮ್ಮ ಮಯೂರ್ ವಿಹಾರದ ಸೊಸೈಟಿಗಳ ಗೇಟುಗಳ ಮೇಲೆ ಬಣ್ಣಬಣ್ಣದ ಬ್ಯಾನರುಗಳು ತೂಗಾಡತೊಡಗುತ್ತವೆ. ಚಿತ್ರಕಲೆ, ರೋಬೋಟಿಕ್ಸ್, ಸಭಾಕಂಪನ ಬಿಡಿಸುವ ತರಗತಿ, ಇವೆಲ್ಲಕ್ಕೂ ಕಿರೀಟವಿಟ್ಟಂತೆ ‘ನಾಯಕತ್ವ ತರಬೇತಿ’. ಮೂರು ವಾರಗಳ ಶುಲ್ಕವನ್ನು ವಿಚಾರಿಸಿದರೆ ಅದು ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ತಿಂಗಳ ಸಂಬಳವನ್ನು ಮೀರುತ್ತದೆ. ಆಕೆಯ ಮಕ್ಕಳು ಅದೇ ಗೇಟಿನಿಂದ ಕೂಗಳತೆಯ ದೂರದಲ್ಲಿ, ಯಮುನೆಯ ಖಾದರಿನ ಗುಡಿಸಲುಗಳಲ್ಲಿ, ಬಿಸಿಗಾಳಿಗೆ ಮುಖವೊಡ್ಡಿ ರಜೆ ಕಳೆಯುತ್ತಾರೆ. ಕೊಳ್ಳಬಲ್ಲವರ ಮಕ್ಕಳು ಮುಂದಾಳುಗಳಾಗಲಿ, ಉಳಿದವರು ಹಿಂದೆ ನಡೆಯಲಿ ಎಂಬ ತೀರ್ಮಾನವನ್ನು ಯಾವ ಶಾಸನಸಭೆಯೂ ಕೈಗೊಂಡಿಲ್ಲ. ಅದು ಪ್ರತಿ ಬೇಸಿಗೆಯಲ್ಲಿ ಬ್ಯಾನರಿನ ರೂಪದಲ್ಲಿ ಜಾರಿಯಾಗುತ್ತದೆ, ಅಷ್ಟೆ. ನನ್ನ ಮಗನನ್ನೂ ಅಂಥದೊಂದು ಶಿಬಿರಕ್ಕೆ ಹಣ ಕಟ್ಟಿ ಕಳಿಸಿದವನು ನಾನು. ಆದ್ದರಿಂದ ಇಲ್ಲಿನ ದೂರಿನಲ್ಲಿ ನನ್ನ ಮೇಲಿನ ದೂರೂ ಸೇರಿದೆ.

ಆದರೆ ಈ ಬರಹಕ್ಕೆ ಕಾರಣವಾದದ್ದು ಬ್ಯಾನರಲ್ಲ, ಒಂದು ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಉತ್ತರ ಕನ್ನಡದಿಂದ ಸಿದ್ದಿ ಕಲಾವಿದರ ತಂಡವೊಂದು ಡಮಾಮಿ ಕುಣಿತದ ಪ್ರದರ್ಶನಕ್ಕೆಂದು ದೆಹಲಿಗೆ ಬಂದಿತ್ತು. ಅವರಲ್ಲಿ ನಾಲ್ವರನ್ನು ಊಟಕ್ಕೆಂದು ಮನೆಗೆ ಕರೆದುಕೊಂಡು ಬರುತ್ತಿದ್ದೆ. ಮಯೂರ್ ವಿಹಾರ್-1 ಮೆಟ್ರೋ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಒಬ್ಬ ಸಹಪ್ರಯಾಣಿಕ ತಡೆದು, ಯಾವ ದೇಶದವರೆಂದು ಕೇಳಿದ. ತಂಡದಲ್ಲಿ ಕಿರಿಯಳಾದ ಹುಡುಗಿ ‘ಕರ್ನಾಟಕ’ ಎಂದಳು. ಆತ ನಕ್ಕು, ‘ಅದಲ್ಲ, ನಿಜವಾಗಿ ಎಲ್ಲಿಯವರು?’ ಎಂದ. ಆಕೆ ನನ್ನ ಮುಖ ನೋಡಿದಳು. ರಾಜ್ಯೋತ್ಸವದ ವೇದಿಕೆಗಳಲ್ಲಿ ಕನ್ನಡದ ಅಸ್ಮಿತೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲ ನಾನು ಪೆಚ್ಚುನಗೆ ನಕ್ಕು, ಎಲ್ಲರನ್ನೂ ಎಸ್ಕಲೇಟರಿನ ಕಡೆಗೆ ಸಾಗಿಸಿದೆ. ಊಟ ಮುಗಿದು ಕೈತೊಳೆಯುವಾಗ ಅವಳು ಮೆಲ್ಲಗೆ ಕೇಳಿದಳು: ‘ಸರ್, ನೀವಾದ್ರೂ ಹೇಳ್ಬಹುದಿತ್ತಲ್ಲ?’

ಆ ಪ್ರಶ್ನೆಗೆ ಅಂದು ಉತ್ತರಿಸಲಾಗಲಿಲ್ಲ. ಏನು ಹೇಳಬೇಕಿತ್ತು ಎಂಬುದು ನನಗೆ ತಿಳಿಯದ್ದೇನಲ್ಲ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕನ್ನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಸೀಮೆಯಲ್ಲಿ ಅವರ ಸಂತತಿ ತಲೆತಲಾಂತರದಿಂದ ಬದುಕುತ್ತಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದುಗಳ ಬೆರಕೆ. ಶಾಲೆ ಮತ್ತು ಪೇಟೆಯಲ್ಲಿ ಕನ್ನಡ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ. ಪಕ್ಕದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಗಡಿ ದಾಟಿದ ಮಾತ್ರಕ್ಕೆ ಒಂದೇ ಕುಲದ ಇಬ್ಬರು ಸೋದರಸಂಬಂಧಿಗಳಲ್ಲಿ ಒಬ್ಬನಿಗೆ ಹಕ್ಕು, ಇನ್ನೊಬ್ಬನಿಗೆ ಇಲ್ಲ ಎಂಬ ಸ್ಥಿತಿ ಹದಿನೇಳು ವರ್ಷ ನಡೆಯಿತು.

ಸಿದ್ದಿ ಯುವಜನರಿಗಾಗಿ ಸರಕಾರ ಉಚಿತವಾಗಿ ಏನನ್ನೂ ಮಾಡಲಿಲ್ಲವೆಂದರೆ ಸುಳ್ಳಾಗುತ್ತದೆ. ಒಮ್ಮೆ ಮಾಡಿತು, ಅದು ಹೇಗೆ ಮಾಡಿತೆಂಬುದೇ ನನ್ನ ತಕರಾರಿನ ತಿರುಳು. ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯನ್ನು ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು 1987ರ ಹೊತ್ತಿಗೆ ‘ವಿಶೇಷ ಪ್ರದೇಶ ಕ್ರೀಡಾ ಯೋಜನೆ’ಯಡಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಹಾಡಿಗಳಿಂದ ಮಕ್ಕಳನ್ನು ಆರಿಸಿತು. ಊಟ, ವಸತಿ, ಶಾಲೆ, ತರಬೇತಿ ಎಲ್ಲವೂ ಉಚಿತ. ಹಾಡಿಯಿಂದ ಹೊರಗೆ ಕಾಲಿಡದ ಮಕ್ಕಳು ರೈಲು ಹತ್ತಿದರು, ಸ್ಪೈಕ್ ಬೂಟು ತೊಟ್ಟರು, ರಾಷ್ಟ್ರಮಟ್ಟದ ಪದಕಗಳನ್ನು ತಂದರು. ಆ ಆರು ವರ್ಷಗಳಲ್ಲಿ ಕೆಲವರ ಬದುಕು ನಿಜವಾಗಿಯೂ ಬದಲಾಯಿತು. ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕವರಿದ್ದಾರೆ. ಇದನ್ನು ಒಪ್ಪಿಕೊಳ್ಳದೆ ಟೀಕೆ ಮಾಡುವುದು ಅನ್ಯಾಯ.

ಆದರೆ ಆ ಮಕ್ಕಳನ್ನು ಆರಿಸಿದ್ದು ಯಾವ ಆಧಾರದ ಮೇಲೆ? ಆಫ್ರಿಕದ ರಕ್ತ, ಆದ್ದರಿಂದ ವೇಗ; ವೇಗ, ಆದ್ದರಿಂದ ಒಲಿಂಪಿಕ್ಸ್. ಈ ತರ್ಕದಲ್ಲಿ ಮಗುವಿಗೆ ಕಾಲುಗಳಿವೆ, ಶ್ವಾಸಕೋಶಗಳಿವೆ. ತಲೆಯಿದೆಯೇ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಪದಕದ ನಿರೀಕ್ಷೆಯಿಂದ ಹುಟ್ಟಿದ ಯೋಜನೆ 1993ರಲ್ಲಿ ಸಿದ್ದಿಗಳ ಪಾಲಿಗೆ ನಿಂತುಹೋಯಿತು. ಹದಿಹರೆಯದ ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿ ಊರಿಗೆ ಮರಳಿದರು. ಅನೇಕರು ಅಡಿಕೆ ತೋಟದ ಕೂಲಿಗೆ ಇಳಿದರು. ಮುಚ್ಚುವ ಮುನ್ನ ಅವರನ್ನು ಯಾರಾದರೂ ಕೇಳಿದರೇ? ಕೇಳುವ ಪ್ರಶ್ನೆಯೇ ಬರಲಿಲ್ಲ, ಏಕೆಂದರೆ ಯೋಜನೆಯನ್ನು ನಡೆಸುವ ಮೇಜಿನ ಸುತ್ತ ಒಬ್ಬ ಸಿದ್ದಿಯೂ ಇರಲಿಲ್ಲ. ಕುದುರೆಯನ್ನು ಯಾರೂ ಸಲಹೆ ಕೇಳುವುದಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಬೇಸಿಗೆಯನ್ನು ಇಲ್ಲಿ ನೆನಪಿಸಬೇಕಾಗಿದೆ. 1964ರ ಬೇಸಿಗೆಯಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ನಾಗರಿಕ ಹಕ್ಕುಗಳ ಕಾರ್ಯಕರ್ತರು ಕಪ್ಪುವರ್ಣೀಯ ಮಕ್ಕಳಿಗಾಗಿ ‘ಸ್ವಾತಂತ್ರ್ಯ ಶಾಲೆ’ಗಳನ್ನು ತೆರೆದರು. ಚರ್ಚಿನ ನೆಲಮಾಳಿಗೆ, ಮನೆಯ ಜಗಲಿ, ಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಸುಮಾರು 40 ಶಾಲೆಗಳು, ಎರಡು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು. ಶುಲ್ಕವಿರಲಿಲ್ಲ, ಪ್ರಾಣಭಯವಿತ್ತು. ಆ ಜೂನ್ ತಿಂಗಳಲ್ಲೇ ಚಳವಳಿಯ ಮೂವರು ಯುವಕರನ್ನು ಕೊಂದು ಮಣ್ಣಿನ ಒಡ್ಡಿನಡಿ ಹೂತರು. ಆದರೂ ಶಾಲೆಗಳು ನಡೆದವು. ಅಲ್ಲಿ ಓದು ಬರಹದ ಜೊತೆಗೆ ತಮ್ಮ ಜನರ ಚರಿತ್ರೆಯನ್ನು ಕಲಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುವುದನ್ನು ಕಲಿಸಿದರು. ಮಕ್ಕಳು ತಮ್ಮದೇ ಪತ್ರಿಕೆಗಳನ್ನು ಹೊರಡಿಸಿದರು. ಆಗಸ್ಟಿನಲ್ಲಿ ಮೆರಿಡಿಯನ್ ಪಟ್ಟಣದಲ್ಲಿ ಶಾಲೆಗಳ ಪ್ರತಿನಿಧಿಗಳು ಸಮಾವೇಶ ನಡೆಸಿ ವಸತಿ, ಆರೋಗ್ಯ, ಶಿಕ್ಷಣ, ಉದ್ಯೋಗಗಳ ಬಗ್ಗೆ ನಿರ್ಣಯಗಳನ್ನು ಅಂಗೀಕರಿಸಿದರು. ನಿರ್ಣಯ ಬರೆದವರು ವಿದ್ಯಾರ್ಥಿಗಳೇ. ಅದೇ ಮಿಸಿಸಿಪಿಯಲ್ಲಿ ವಕೀಲೆಯಾಗಿ ದುಡಿದ ಮೇರಿಯನ್ ರೈಟ್ ಎಡೆಲ್ಮನ್ ಅವರ ಸಂಸ್ಥೆ 1990ರ ದಶಕದಲ್ಲಿ ಆ ಹೆಸರನ್ನು ಮತ್ತೆ ಎತ್ತಿಕೊಂಡು ಉಚಿತ ಬೇಸಿಗೆ ಶಾಲೆಗಳನ್ನು ಆರಂಭಿಸಿತು. ಅಲ್ಲಿ ಪಾಠ ಹೇಳುವವರು ಕಾಲೇಜಿನ ವಯಸ್ಸಿನ ತರುಣ ತರುಣಿಯರು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಉಚಿತ, ಎರಡೂ ಹಿಂದುಳಿಸಲ್ಪಟ್ಟ ಯುವಜನರಿಗಾಗಿ. ಒಂದಕ್ಕೆ ಮಗುವಿನಿಂದ ಪದಕ ಬೇಕಿತ್ತು, ಇನ್ನೊಂದಕ್ಕೆ ಮಗುವಿನ ಅಭಿಪ್ರಾಯ ಬೇಕಿತ್ತು. ಪದಕ ಬರುವುದು ತಡವಾದಾಗ ಮೊದಲನೆಯದು ನಿಂತಿತು. ಎರಡನೆಯದು ನಡೆದದ್ದು ಒಂದೇ ಬೇಸಿಗೆಯಾದರೂ ಅದರ ಹೆಸರು, ವಿಧಾನ, ಹಟ ಇಂದಿಗೂ ಉಳಿದಿವೆ.

ಇಂಥದ್ದು ನಮ್ಮಲ್ಲಿ ಸಾಧ್ಯವಿಲ್ಲ ಎನ್ನುವವರು ಮಂಚಿಕೇರಿಯನ್ನು ಮರೆತಿದ್ದಾರೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಅಲ್ಲಿನ ಸಿದ್ದಿಗಳ ನಡುವೆ ರಂಗಶಿಬಿರ ಮಾಡಿ, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿಸಿತು. ಚಿದಂಬರರಾವ್ ಜಂಬೆ ನಿರ್ದೇಶಕರು. ಆಫ್ರಿಕದ ಒಂದು ಊರು ಬಿಳಿಯರ ಕೈಯಲ್ಲಿ ಒಡೆದುಹೋದ ಕಥೆಯನ್ನು, ಆಫ್ರಿಕವನ್ನು ಕಾಣದ ಆಫ್ರಿಕನ್ ವಂಶಜರು, ಕನ್ನಡದಲ್ಲಿ ಆಡಿದರು. ಅವರ ಮೈಕಟ್ಟನ್ನು ಅಳೆಯಲು ಯಾರೂ ಅಲ್ಲಿಗೆ ಹೋಗಿರಲಿಲ್ಲ. ಅವರ ಬಾಯಿಗೆ ಮಾತು ಕೊಟ್ಟು, ಆ ಮಾತನ್ನು ಊರವರು ಕೂತು ಕೇಳಿದರು. ಇಂದು ಗಿರಿಜಾ ಸಿದ್ದಿಯವರ ಹಾಡನ್ನೂ ಪ್ರಶಾಂತ ಸಿದ್ದಿಯವರ ಅಭಿನಯವನ್ನೂ ನಾವು ಮೆಚ್ಚುತ್ತಿದ್ದರೆ ಅದರ ಹಿಂದೆ ಇಂಥ ಶಿಬಿರಗಳ, ನೀನಾಸಮಿನ ರಂಗಶಿಕ್ಷಣದ ಪಾಲಿದೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕರ್ನಾಟಕದ ಶಾಸನಸಭೆಯಲ್ಲಿ ಕುಳಿತ ಮೊದಲ ಸಿದ್ದಿ ಅವರು. ಗುಜರಾತಿನ ಜಾಂಬೂರಿನಲ್ಲಿ ಸಿದ್ದಿ ಹೆಂಗಸರನ್ನು ಸಂಘಟಿಸಿ ಮಕ್ಕಳಿಗೆ ಬಾಲವಾಡಿ ಕಟ್ಟಿದ ಹೀರಬಾಯಿ ಲೋಬಿಯವರು 2023ರಲ್ಲಿ ನಮ್ಮದೇ ದೆಹಲಿಯಲ್ಲಿ ಪದ್ಮಶ್ರೀ ಸ್ವೀಕರಿಸಿದರು. ನಾಯಕತ್ವಕ್ಕೆ ಆ ಸಮುದಾಯದಲ್ಲಿ ಬರವಿಲ್ಲ. ಅದು ಬೆಳೆಯಲು ಬೇಕಾದ ಬಿಡುವಿಗೆ ಬರವಿದೆ.

ಬಿಡುವು ಎಂದೆ. ನಮ್ಮ ಮಕ್ಕಳಿಗೆ ಬೇಸಿಗೆ ರಜೆಯೆಂದರೆ ಶಿಬಿರ, ಅಜ್ಜಿಮನೆ, ಮಾವಿನಹಣ್ಣು. ಸಿದ್ದಿ ಹಾಡಿಯ ಬಡ ಮನೆಯ ಹುಡುಗನಿಗೆ ರಜೆಯೆಂದರೆ ತೋಟದ ಕೆಲಸ, ತರಗೆಲೆ ಹೊರುವುದು, ಮಳೆಗಾಲಕ್ಕೆ ಮೊದಲು ನಾಲ್ಕು ಕಾಸು ಗಳಿಸುವುದು. ಹುಡುಗಿಗೆ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು. ಜೂನಿನಲ್ಲಿ ಇಬ್ಬರೂ ಒಂದೇ ಬಗೆಯ ತರಗತಿಗೆ ಮರಳುತ್ತಾರೆ. ಒಬ್ಬನ ಕೈಯಲ್ಲಿ ಎರಡು ತಿಂಗಳ ಕಲಿಕೆಯಿದೆ, ಇನ್ನೊಬ್ಬನ ಕೈಯಲ್ಲಿ ಬೊಕ್ಕೆಗಳಿವೆ. ಮಾರ್ಚಿನ ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಇದನ್ನು ‘ಪ್ರತಿಭೆ’ ಎಂದು ಕರೆಯುತ್ತೇವೆ.

ಆಕ್ಷೇಪಗಳು ನನಗೆ ಗೊತ್ತು. ನಮ್ಮ ಬಳಗದಲ್ಲೇ ಕೇಳಿದ್ದೇನೆ. ಒಂದು ಸಮುದಾಯಕ್ಕೆ ಮಾತ್ರ ಶಿಬಿರ ಮಾಡಿದರೆ ಅದು ಒಡಕಲ್ಲವೇ? ಶುಲ್ಕ ಕಟ್ಟಬಲ್ಲ ಸಮುದಾಯಕ್ಕೆ ಮಾತ್ರ ಈಗ ನಡೆಯುತ್ತಿರುವ ಶಿಬಿರಗಳನ್ನು ಒಡಕೆಂದು ಕರೆಯದವರಿಗೆ ಈ ಪ್ರಶ್ನೆ ಕೇಳುವ ಹಕ್ಕಿಲ್ಲ. ಉಚಿತವಾಗಿ ಸಿಕ್ಕಿದ್ದಕ್ಕೆ ಬೆಲೆಯಿರುವುದಿಲ್ಲವೆನ್ನುತ್ತಾರೆ. ನಮ್ಮಲ್ಲಿ ಎಷ್ಟು ಮಂದಿ ಸರಕಾರಿ ಶಾಲೆಯಲ್ಲಿ, ಮಠದ ಹಾಸ್ಟೆಲಿನ ಅನ್ನದಲ್ಲಿ, ವಿದ್ಯಾರ್ಥಿವೇತನದಲ್ಲಿ ಓದಿ ಈ ರಾಜಧಾನಿಗೆ ಬಂದವರಲ್ಲ? ಆ ಅನ್ನದ ಬೆಲೆ ನಮಗೆ ತಿಳಿದಿದೆ. ಮೀಸಲಾತಿ ಇದೆಯಲ್ಲ ಎಂಬುದು ಇನ್ನೊಂದು ಮಾತು. ಮೀಸಲಾತಿ ಬಾಗಿಲನ್ನು ತೆರೆಯುತ್ತದೆ. ಬಾಗಿಲವರೆಗಿನ ದಾರಿಯನ್ನು ಯಾರಾದರೂ ಸವೆಸಲೇಬೇಕು.

ಇನ್ನು, ದೂರದ ದೆಹಲಿಯಲ್ಲಿ ಕುಳಿತ ನಮಗೇಕೆ ಇದರ ಉಸಾಬರಿ? ಕಪ್ಪು ಮೈಬಣ್ಣದ ಯುವಜನರನ್ನು ಈ ಮಹಾನಗರ ಹೇಗೆ ನಡೆಸಿಕೊಳ್ಳುತ್ತದೆಂದು ಕಂಡವರು ನಾವಾದ್ದರಿಂದ. 2014ರ ಜನವರಿಯಲ್ಲಿ ಖಿಡ್ಕಿ ಎಕ್ಸ್‌ಟೆನ್ಷನ್ನಿನಲ್ಲಿ ದೆಹಲಿಯ ಸಚಿವರೊಬ್ಬರೇ ಮಧ್ಯರಾತ್ರಿ ಗುಂಪು ಕಟ್ಟಿಕೊಂಡು ಆಫ್ರಿಕನ್ ಮಹಿಳೆಯರ ಮೇಲೆ ಎರಗಿದರು. 2016ರ ಮೇ ತಿಂಗಳಲ್ಲಿ ವಸಂತ ಕುಂಜದಲ್ಲಿ ಆಟೋ ವಿಷಯದ ಜಗಳದಲ್ಲಿ ಕಾಂಗೋದ ಯುವಕನೊಬ್ಬನನ್ನು ಹೊಡೆದು ಕೊಂದರು. 2017ರ ಮಾರ್ಚಿನಲ್ಲಿ, ನಮ್ಮ ಮನೆಗಳಿಂದ ಹೆದ್ದಾರಿ ಹಿಡಿದರೆ ಸಿಗುವ ಗ್ರೇಟರ್ ನೋಯ್ಡಾದಲ್ಲಿ, ಆಫ್ರಿಕನ್ ವಿದ್ಯಾರ್ಥಿಗಳನ್ನು ಗುಂಪುಗಳು ಥಳಿಸಿದವು. ಉತ್ತರದವರ ಒರಟುತನವೆಂದು ಮೂಗು ಮುರಿಯುವಂತಿಲ್ಲ; 2016ರ ಆರಂಭದಲ್ಲಿ ಬೆಂಗಳೂರಿನ ಹೊರವಲಯದಲ್ಲೇ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿತು. ಯಲ್ಲಾಪುರದ ಹುಡುಗಿ ನಾಳೆ ಓದಿಗೋ ನೌಕರಿಗೋ ಇಲ್ಲಿಗೆ ಬಂದಾಗ ಅವಳ ಬೆನ್ನಿಗೆ ಯಾವ ದೂತಾವಾಸವೂ ಇರುವುದಿಲ್ಲ. ಇರಬೇಕಾದವರು ನಾವು.

ಹಾಗಾದರೆ ಏನಾಗಬೇಕು? ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಪ್ರತಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಿದ್ದಿ ಯುವಜನರಿಗೆ ಉಚಿತ ಬೇಸಿಗೆ ಶಾಲೆ ನಡೆಯಬೇಕು. ಊಟ ವಸತಿ ಮಾತ್ರವಲ್ಲ, ಆ ವಾರಗಳಲ್ಲಿ ಮನೆಗೆ ತಪ್ಪಿಹೋಗುವ ಕೂಲಿಯನ್ನೂ ವಿದ್ಯಾರ್ಥಿವೇತನವಾಗಿ ತುಂಬಿಕೊಡಬೇಕು. ಇಲ್ಲದಿದ್ದರೆ ‘ಉಚಿತ’ ಎಂಬುದು ಬರಿಯ ಮಾತು. ಕಲಿಸುವವರು ಪದವಿ ಮುಗಿಸಿದ ಸಿದ್ದಿ ತರುಣ ತರುಣಿಯರಾಗಿರಬೇಕು, ಅವರಿಗೆ ಸಂಬಳ ಸಲ್ಲಬೇಕು. ಓಟ, ಕುಣಿತ, ಕೌದಿ ಎಲ್ಲವೂ ಇರಲಿ. ಅವುಗಳ ಜೊತೆಗೆ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಓದಿ ಅರ್ಜಿ ಬರೆಯುವುದು, ಗ್ರಾಮಸಭೆಯಲ್ಲಿ ಎದ್ದು ಮಾತಾಡುವುದು, ಸಂಘದ ಲೆಕ್ಕ ಇಡುವುದು, ಗುಲಾಮನಾಗಿ ಬಂದು ಅಹಮದ್‌ನಗರದ ರಾಜ್ಯವನ್ನೇ ನಡೆಸಿ ಮೊಗಲರನ್ನು ತಡೆದ ಮಲಿಕ್ ಅಂಬರನ ಚರಿತ್ರೆ, ಇವೂ ಇರಲಿ. ಹೊರನಾಡಿನ ಕನ್ನಡ ಸಂಘಗಳು ತಮ್ಮ ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಲಿ, ಹತ್ತು ವರ್ಷಕ್ಕೆ ಮಾತು ಕೊಡಲಿ. ಹಣ ನಮ್ಮದಿರಬಹುದು, ತೀರ್ಮಾನ ಅವರದಾಗಿರಲಿ. ಹತ್ತು ವರ್ಷಕ್ಕೆ ಮಾತು ಕೊಡುವ ಧೈರ್ಯವಿಲ್ಲದಿದ್ದರೆ ಆರಂಭಿಸುವುದೇ ಬೇಡ; 1993 ಒಮ್ಮೆ ಆದದ್ದು ಸಾಕು.

ಇನ್ನೊಂದು ಬೇಡಿಕೆ. ಸಿದ್ದಿಗಳನ್ನು ದೆಹಲಿಗೆ ಕರೆಸುವಾಗಲೆಲ್ಲ ಕುಣಿಯಲು ಮಾತ್ರ ಕರೆಸುವುದನ್ನು ನಿಲ್ಲಿಸೋಣ. ಮುಂದಿನ ಬಾರಿ ನಮ್ಮ ವೇದಿಕೆಯ ಮೇಲೆ ಡಮಾಮಿಯ ಸದ್ದಿನ ಬಳಿಕ ಒಬ್ಬ ಸಿದ್ದಿ ಹುಡುಗಿ ಧ್ವನಿವರ್ಧಕದ ಮುಂದೆ ನಿಂತು ಅರ್ಧ ಗಂಟೆ ಮಾತನಾಡಲಿ; ಹಣ ಕಟ್ಟಿ ನಾಯಕತ್ವ ಕಲಿತ ನಮ್ಮ ಮಕ್ಕಳು ಮೊದಲ ಸಾಲಿನಲ್ಲಿ ಕೂತು ಕೇಳಲಿ.

ಅಂದು ನನ್ನ ಮನೆಯಲ್ಲಿ ಊಟ ಮಾಡಿದ ಹುಡುಗಿ ಎಲ್ಲಿದ್ದಾಳೋ ತಿಳಿಯದು. ಅವಳಿಗೆ ಕೊಡಬೇಕಾಗಿದ್ದ ಉತ್ತರ ಹೀಗಿತ್ತು: ಹೌದಮ್ಮ, ಹೇಳಬಹುದಿತ್ತು, ಹೇಳಲೇಬೇಕಿತ್ತು, ನಾಚಿಕೆಯಾಗಿ ಸುಮ್ಮನಾದೆ, ತಪ್ಪು ನನ್ನದು. ಈ ಬರಹವನ್ನು ಆ ತಪ್ಪೊಪ್ಪಿಗೆಯೆಂದೇ ಓದಿಕೊಳ್ಳಬಹುದು. ಬೇಸಿಗೆ ಮತ್ತೆ ಬರುತ್ತದೆ. ಗೇಟಿನ ಮೇಲೆ ಬ್ಯಾನರು ಏರುವ ಮುನ್ನ ನಮ್ಮ ಬಳಗ ಒಂದು ಸಭೆ ಕರೆಯಲಿ. ಸಭೆಯ ಮೊದಲ ಕಾಗದ ಯಲ್ಲಾಪುರಕ್ಕೆ ಹೋಗಲಿ, ಮತ್ತು ಅದರಲ್ಲಿ ನಾವು ಏನು ಕೊಡುತ್ತೇವೆ ಎನ್ನುವುದಕ್ಕಿಂತ ಮೊದಲು ನಿಮಗೆ ಏನು ಬೇಕು ಎಂದು ಕೇಳಲಿ.