ಗಾಜಿಗೇಕೆ ಬಣ್ಣ?

ಕಿಟಕಿಗೆ ಗಾಜು ಹಾಕಿಸುವುದು ಬೆಳಕಿಗಾಗಿ. ಹಾಕಿಸಿದ ಗಾಜಿಗೆ ಬಣ್ಣ ಬಳಿಸುವುದು ಆ ಬೆಳಕು ಬರಬಾರದೆಂದು. ದುಡ್ಡು ಕೊಟ್ಟು ತಂದದ್ದನ್ನು ಮತ್ತೆ ದುಡ್ಡು ಕೊಟ್ಟು ಮುಚ್ಚುವ ಈ ಜಾಣತನವನ್ನು ನೋಡಬೇಕೆಂದರೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಹಳೆಯ ಬೀದಿಗಳಲ್ಲಿ ಒಮ್ಮೆ ನಡೆದುಹೋಗಿ. ಹಿಂದಿನ ತೊಟ್ಟಿಮನೆಗೆ ಬೆಳಕು ನಡುವಿನ ತೊಟ್ಟಿಯಿಂದ ಬರುತ್ತಿತ್ತು. ಬೀದಿಗೆ ಮುಖ ಮಾಡಿದ ಸಾಲುಮನೆಗಳು ಬಂದ ಮೇಲೆ ಕಿಟಕಿಯೇ ಗತಿ. ಆ ಕಿಟಕಿಯ ಕೆಳಗಿನ ಗಾಜುಗಳಿಗೂ ಹಸಿರೋ ಬಿಳಿಯೋ ಎಣ್ಣೆಬಣ್ಣ ಮೆತ್ತಿಟ್ಟಿದ್ದೇವೆ.

ಯಾಕೆಂದು ಕೇಳಿದರೆ, 'ಬೀದಿಯವರು ಒಳಗೆ ನೋಡಬಾರದಲ್ಲ' ಎನ್ನುತ್ತಾರೆ. ಗಂಡಸರು ಕೂತು ಪೇಪರ್ ಓದುವ ಜಗುಲಿಗೆ ಮರೆ ಬೇಡ; ಹೆಂಗಸರಿರುವ ಕೋಣೆಗೆ ಮಾತ್ರ ಬೇಕು! ನಾನು ಸೊಸೆಯಾಗಿ ಬಂದ ಮನೆಯಲ್ಲೂ ಹೀಗೇ ಇತ್ತು. ಹಗಲು ಹನ್ನೊಂದು ಗಂಟೆಗೆ ದೀಪ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕರೆಂಟು ಹೋದರೆ ಎದ್ದು ಬೀದಿಬಾಗಿಲಿಗೆ ಬಂದು ಕೂರುತ್ತಿದ್ದೆ. ಸೊಸೆ ಮರೆಯಲ್ಲಿರಲಿ ಎಂದು ಬಳಿಸಿದ ಬಣ್ಣದ ಪ್ರತಾಪ ಇದು.

ಶಾಲೆಗಳೂ ಹಿಂದೆ ಬಿದ್ದಿಲ್ಲ. ಮಕ್ಕಳ ಗಮನ ಹೊರಗೆ ಹೋಗುತ್ತದೆಂದು ಬೆಂಚಿನ ಎತ್ತರದ ಗಾಜಿಗೆಲ್ಲ ಬಣ್ಣ ಹೊಡೆಸಿದ್ದ ಶಾಲೆಯೊಂದರಲ್ಲಿ ನಾನು ಪಾಠ ಮಾಡಿದ್ದೇನೆ. ಹೊರಗಿದ್ದದ್ದು ಒಂದು ಹುಣಸೆಮರ, ಅದರಾಚೆ ಹೊಗೆಸೊಪ್ಪಿನ ಹೊಲ. ಮಕ್ಕಳು ಅದನ್ನು ನೋಡಿದ್ದರೆ ಏನು ಕೆಡುತ್ತಿತ್ತು? ಪಾಠ ಚೆನ್ನಾಗಿದ್ದರೆ ಹುಡುಗ ಕಿಟಕಿಯ ಕಡೆ ತಿರುಗುವುದಿಲ್ಲ. ಚೆನ್ನಾಗಿಲ್ಲದಿದ್ದರೆ ಬಣ್ಣದ ಗಾಜನ್ನೇ ಉಗುರಿನಿಂದ ಕೆರೆಯುತ್ತಾ ಕೂರುತ್ತಾನೆ.

ಆ ಕೆರೆತದಲ್ಲೇ ಇರುವುದು ಅಪಾಯ. ಬಣ್ಣ ಬೇಗ ಒಣಗಲಿ, ಗಾಢವಾಗಿ ಕಾಣಲಿ ಎಂದು ಹಿಂದೆ ಎಣ್ಣೆಬಣ್ಣಗಳಿಗೆ ಸೀಸ ಸೇರಿಸುತ್ತಿದ್ದರು. ಹಳೆಯ ಹಸಿರುಗಳಲ್ಲಿ ಎಷ್ಟೋ ಸೀಸದ ಹಳದಿಗೆ ನೀಲಿ ಬೆರೆಸಿ ಮಾಡಿದವು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಭಾರತ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮೂವತ್ತು ನಲವತ್ತು ವರ್ಷ ಮೊದಲೇ ಗಾಜಿಗೆ ಅಂಟಿ ಕೂತ ಬಣ್ಣಕ್ಕೆ ಈ ನಿಯಮದಿಂದ ಏನೂ ಆಗಲಿಲ್ಲ. ಸೀಸದ ಧೂಳು ಮಗುವಿನ ಕೈಯಿಂದ ಬಾಯಿಗೆ ಹೋದರೆ ಪೆಟ್ಟು ಬೀಳುವುದು ಮೆದುಳಿಗೆ. ಕಲಿಕೆ ಕುಂಟುತ್ತದೆ, ಗಮನ ನಿಲ್ಲುವುದಿಲ್ಲ. ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಾಠ ತಲೆಗೆ ಹತ್ತದ ಹುಡುಗನನ್ನು ಬೈಯುವ ಮೊದಲು ನಾವು ಕಿಟಕಿಯ ಕಡೆಗೂ ಒಮ್ಮೆ ನೋಡಬೇಡವೇ?

ಹಾಗೆಂದು ಬಣ್ಣವನ್ನು ಇದ್ದಂತೆ ಬಿಡಿ ಎನ್ನುತ್ತಿಲ್ಲ, ತೆಗೆಯಲೇಬೇಕು. ನನ್ನ ಜಗಳ ತೆಗೆಯುವ ರೀತಿಯ ಮೇಲೆ. ಗೌರಿಹಬ್ಬಕ್ಕೆ ಎಂಟು ದಿನವಿದೆ ಎನ್ನುವಾಗ ಪೇಂಟರ್ ಹುಡುಗನನ್ನು ಕರೆಸುತ್ತೇವೆ. ಅವನ ಮೂಗಿಗೊಂದು ಬಟ್ಟೆಯೂ ಇರುವುದಿಲ್ಲ. ಒಣ ಗಾಜನ್ನೂ ಚೌಕಟ್ಟನ್ನೂ ಉಪ್ಪುಕಾಗದದಲ್ಲಿ ಉಜ್ಜಿಸುತ್ತೇವೆ. ಪುಡಿ ಹಾಸಿಗೆಯ ಮೇಲೆ, ನೀರಿನ ಕೊಡದ ಮೇಲೆ, ತೊಟ್ಟಿಲ ಮೇಲೆ ಕೂರುತ್ತದೆ. ಆಮೇಲೆ ಪೊರಕೆಯಲ್ಲಿ ಗುಡಿಸಿ ಉಳಿದದ್ದನ್ನೂ ಗಾಳಿಗೆ ಎಬ್ಬಿಸಿ, ಕಸವನ್ನು ಹಿತ್ತಿಲ ಕರಿಬೇವಿನ ಬುಡಕ್ಕೆ ಸುರಿಯುತ್ತೇವೆ.

ಇಷ್ಟು ಉಜ್ಜಾಟವೇ ಬೇಕಿಲ್ಲ. ಗಾಜು ಮರದಂತೆ ಬಣ್ಣ ಹೀರುವುದಿಲ್ಲ. ಬಣ್ಣ ಮೇಲೆ ಅಂಟಿರುತ್ತದೆ, ಅಷ್ಟೆ. ಉಗುರುಬೆಚ್ಚಗಿನ ನೀರಿಗೆ ಸೋಪಿನ ಪುಡಿ ಕಲಸಿ, ಬಟ್ಟೆ ಅದ್ದಿ ಗಾಜಿಗೆ ಹಚ್ಚಿ ಅರ್ಧ ಗಂಟೆ ಬಿಡಿ. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಇರಲಿ. ಗಾಜು ಒದ್ದೆಯಾಗಿರುವಾಗಲೇ ಹಿಡಿಯಿರುವ ಹೊಸ ಬ್ಲೇಡನ್ನು ಓರೆಯಾಗಿ ಮಲಗಿಸಿ ಒಂದೇ ದಿಕ್ಕಿಗೆ ತಳ್ಳಿದರೆ ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಸಮೇತ ಸುತ್ತಿ ಕಟ್ಟಿ, ಸುಡಬೇಡಿ. ನೆಲವನ್ನು ಗುಡಿಸದೆ ಒದ್ದೆಬಟ್ಟೆಯಲ್ಲಿ ಒರೆಸಿ. ಚೌಕಟ್ಟಿನ ಬಣ್ಣ ಗಟ್ಟಿಯಾಗಿದ್ದರೆ ಕೆರೆಯದೆ ಮೇಲೆಯೇ ಹೊಸದನ್ನು ಬಳಿಯಿರಿ. ಕೆಲಸ ಮುಗಿದು ಒರೆಸುವವರೆಗೆ ಮಕ್ಕಳೂ ಬಸುರಿಯರೂ ಆ ಕೋಣೆಗೆ ಕಾಲಿಡಬಾರದು.

'ಇಷ್ಟೆಲ್ಲ ರಗಳೆ ಯಾಕೆ ಮೇಡಂ, ಕಿತ್ತುಹಾಕಿ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿ' ಎನ್ನುವ ಕಂಟ್ರಾಕ್ಟರುಗಳಿದ್ದಾರೆ. ಎರಡು ಹಲಗೆಯ ಆ ಕಿಟಕಿಯನ್ನು ಎಷ್ಟು ಸರಿಸಿದರೂ ತೆರೆಯುವುದು ಅರ್ಧವೇ. ಹಳೆಯದು ಎರಡೂ ಕಡೆ ಪೂರ್ತಿ ತೆರೆಯುತ್ತದೆ. ತೇಗದ ಕಾಡಿನ ಮಗ್ಗುಲಲ್ಲಿರುವ ನಾವು ತೇಗದ ಚೌಕಟ್ಟನ್ನು ಗುಜರಿಗೆ ಹಾಕಿ ಅರ್ಧ ಗಾಳಿ ಕೊಳ್ಳುವುದು ಯಾವ ಲೆಕ್ಕ?

ಮರೆ ಬೇಕೆನ್ನುವವರಿಗೆ ಅರ್ಧ ಪರದೆ ಇದೆ. ಬೇಕಾದಾಗ ಎಳೆಯಬಹುದು, ಬೇಡವಾದಾಗ ಸರಿಸಬಹುದು. ಅದು ಕೋಣೆಯೊಳಗೆ ಕೂತವಳ ಕೈಯಲ್ಲಿರುತ್ತದೆ. ಬಣ್ಣ ಬಳಿಸಿದಾಗ ಅವಳನ್ನು ಯಾರೂ ಕೇಳಲಿಲ್ಲ. ತೆಗೆಸುವಾಗಲಾದರೂ ಕೇಳಿ.